ಡಬ್ಲ್ಯೂಸಸ್‌ಗೆ ಯಾವ ಡೇಟಾಬೇಸ್? ವಿಡ್, ಎಕ್ಸ್‌ಪ್ರೆಸ್, ಸ್ಟ್ಯಾಂಡರ್ಡ್ ಮೂರನ್ನೂ ಓಡಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಡಬ್ಲ್ಯೂಸಸ್ ಅಂದರೆ ಆಫೀಸಿನ ವಿಂಡೋಸ್ ಮಷೀನುಗಳಿಗೆ ಮೈಕ್ರೋಸಾಫ್ಟ್ ಅಪ್‌ಡೇಟ್ ಹಂಚುವ ಸರ್ವರ್ ಸಾಫ್ಟ್‌ವೇರ್, ಅದರ ಲೆಕ್ಕ ಇಟ್ಟುಕೊಳ್ಳಲು ಒಂದು ಡೇಟಾಬೇಸ್ ಬೇಕು. ನಿಮ್ಮಲ್ಲಿ ಒಂದೇ ಒಂದು ಡಬ್ಲ್ಯೂಸಸ್ ಸರ್ವರ್ ಇದೆ, ಅದರ ಕೆಳಗೆ ಕೆಲವು ನೂರು ಮಷೀನುಗಳಿವೆ, ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್ ಆದ ಎಸ್‌ಕ್ಯೂಎಲ್ ಸರ್ವರಿನ ಲೈಸೆನ್ಸ್ ಕೈಯಲ್ಲಿಲ್ಲ ಅಂದರೆ ವಿಂಡೋಸ್ ಇಂಟರ್ನಲ್ ಡೇಟಾಬೇಸ್ ಹಾಕಿಕೊಳ್ಳಿ. ನಾವೆಲ್ಲ ವಿಡ್ ಅನ್ನುವುದು ಅದನ್ನೇ. ಎಸ್‌ಕ್ಯೂಎಲ್ ಸರ್ವರಿನ ಪುಕ್ಕಟೆ ಆವೃತ್ತಿಯಾದ ಎಕ್ಸ್‌ಪ್ರೆಸ್ ಬೇಡ. ದುಡ್ಡು ಕೊಟ್ಟು ಕೊಳ್ಳುವ ಸ್ಟ್ಯಾಂಡರ್ಡ್ ಆವೃತ್ತಿ ತುಂಬಾ ಚೆನ್ನಾಗಿದೆ, ಆದರೆ ಬರೀ ಅಪ್‌ಡೇಟ್ ಹಂಚುವ ಕೆಲಸಕ್ಕೆ ಅಷ್ಟು ದುಡ್ಡು ಹಾಕಬೇಕಾಗಿಲ್ಲ.

ನಮ್ಮ ಆಫೀಸಿನಲ್ಲಿ ಸರ್ವರ್ ಹೊಂದಿಸಿಕೊಟ್ಟವರು ಎಕ್ಸ್‌ಪ್ರೆಸ್ ಹಾಕಿ ಹೋಗಿದ್ದರು. ಯಾಕೆ ಅಂತ ಊಹಿಸಬಹುದು. ಎಕ್ಸ್‌ಪ್ರೆಸ್‌ಗೆ ಹೆಸರಿದೆ, ಅದೂ ಪುಕ್ಕಟೆ, ಡೇಟಾಬೇಸ್ ನೋಡಿಕೊಳ್ಳುವ ಮ್ಯಾನೇಜ್‌ಮೆಂಟ್ ಸ್ಟುಡಿಯೋ ತೆರೆದರೆ ನೇರ ಒಳಗೆ ಹೋಗಬಹುದು. ವಿಡ್ ಆದರೆ ಸರ್ವರಿಗೆ ಡಬ್ಲ್ಯೂಸಸ್ ರೋಲ್ ಹಾಕುವಾಗ ಟಿಕ್ ಮಾಡುವ ಒಂದು ಚೌಕ, ಅಷ್ಟೇ. ನೋಡಿದರೆ ಆಟದ ಸಾಮಾನು ಅನ್ನಿಸುತ್ತದೆ. ನಿಜ ಹಾಗಿಲ್ಲ. ಎರಡರ ಒಳಗೂ ಇರುವುದು ಎಸ್‌ಕ್ಯೂಎಲ್ ಸರ್ವರ್ ಎಂಜಿನ್ನೇ. ವಿಡ್‌ಗೆ ಡೇಟಾಬೇಸ್ ಗಾತ್ರದ ಮಿತಿ ಇಲ್ಲ. ಎಕ್ಸ್‌ಪ್ರೆಸ್‌ಗೆ 2008 ಆರ್2ರಿಂದ 2022ರ ಆವೃತ್ತಿಯವರೆಗೂ ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿ.

ಈ 10 ಜಿಬಿ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಪ್ಯಾಚ್ ಫೈಲುಗಳು ಡೇಟಾಬೇಸಿನಲ್ಲಿ ಇರುವುದಿಲ್ಲ, ಅವು ಬೇರೆ ಕಂಟೆಂಟ್ ಫೋಲ್ಡರಿನಲ್ಲಿ ಕೂರುತ್ತವೆ. ಹಾಗಾಗಿ 10 ಜಿಬಿ ಜಾಸ್ತೀನೇ ಆಯ್ತು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ಪ್ರತಿ ಅಪ್‌ಡೇಟಿನ ವಿವರ, ಅದರ ಹಳೆಯ ರಿವಿಷನ್‌ಗಳು, ಬೇರೆ ಬೇರೆ ಭಾಷೆಯ ಹೆಸರು ಮತ್ತು ವಿವರಣೆ, ಯಾವುದು ಯಾರಿಗೆ ಬೇಕು ಅನ್ನುವ ನಿಯಮ, ಪ್ರತಿ ಮಷೀನಿನ ಸ್ಥಿತಿ, ಎಲ್ಲವೂ ಸುಸ್‌ಡಿಬಿ ಅನ್ನುವ ಒಂದೇ ಡೇಟಾಬೇಸಿಗೆ ಬಂದು ಬೀಳುತ್ತವೆ. ಅದರ ಮೇಲೆ ಯಾರಾದರೂ ಡ್ರೈವರ್ಸ್ ವರ್ಗಕ್ಕೂ ಟಿಕ್ ಹಾಕಿದ್ದರೆ ಮುಗಿಯಿತು. ನಮ್ಮಲ್ಲಿ ಹಾಕಿತ್ತು.

ತಿಂಗಳ ಎರಡನೇ ಮಂಗಳವಾರದ ಪ್ಯಾಚುಗಳು ನಮ್ಮ ಗಡಿಯಾರದಲ್ಲಿ ರಾತ್ರಿ ಹತ್ತೂವರೆಗೋ ಹನ್ನೊಂದೂವರೆಗೋ ಬಿಡುಗಡೆಯಾಗುತ್ತವೆ. ಮೈಕ್ರೋಸಾಫ್ಟ್‌ನಿಂದ ಹೊಸ ಅಪ್‌ಡೇಟುಗಳ ವಿವರ ತರುವ ಸಿಂಕ್ ರಾತ್ರಿಯೇ ಓಡಬೇಕು, ಬುಧವಾರ ಬೆಳಿಗ್ಗೆ ನಾವು ಅಪ್ರೂವ್ ಮಾಡಬೇಕು. ಅಂಥದೊಂದು ಬುಧವಾರ ಸಿಂಕ್ ಫೇಲ್ ಆಗಿ ಕೂತಿತ್ತು. ಲಾಗ್ ತೆರೆದರೆ ಎರಡು ಎರರ್ ಒಂದರ ಹಿಂದೆ ಒಂದು: 1827, 1105. ಮೊದಲನೆಯದು ಡೇಟಾಬೇಸ್ ಲೈಸೆನ್ಸ್ ಮಿತಿಯಾದ 10240 ಎಂಬಿ ದಾಟುತ್ತದೆ ಅನ್ನುತ್ತದೆ. ಎರಡನೆಯದು ಪ್ರೈಮರಿ ಫೈಲ್‌ಗ್ರೂಪ್, ಅಂದರೆ ಡೇಟಾ ಫೈಲಿನ ಜಾಗ, ತುಂಬಿದೆ ಅನ್ನುತ್ತದೆ. ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಖಾಲಿ ಬಿದ್ದಿತ್ತು. ಅದರಿಂದ ಏನೂ ಪ್ರಯೋಜನವಿಲ್ಲ.

ನಿಜವಾದ ಕಿರಿಕಿರಿ ಶುರುವಾಗುವುದು ಇದರ ನಂತರ. ಹಳೆಯದನ್ನು ಅಳಿಸಿದರಾಯ್ತು ಅಂತ ಕ್ಲೀನಪ್ ವಿಝಾರ್ಡ್ ಓಡಿಸಿದರೆ ಟೈಮ್‌ಔಟ್. ವರ್ಷಗಟ್ಟಲೆ ಮುಟ್ಟದ ಡೇಟಾಬೇಸಿನಲ್ಲಿ ಅದು ಹಾಗೇ ಆಗುತ್ತದೆ. ಅಳಿಸುವುದು ವೇಗವಾಗಬೇಕಾದರೆ ಎರಡು ಟೇಬಲ್‌ಗಳಿಗೆ ಹೆಚ್ಚುವರಿ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಹಾಕಿ ಅಂತ ಮೈಕ್ರೋಸಾಫ್ಟ್ ದಾಖಲೆಯೇ ಹೇಳುತ್ತದೆ. ಇಂಡೆಕ್ಸ್ ಕಟ್ಟಲು ಜಾಗ ಬೇಕು. ಜಾಗವೇ ಇಲ್ಲದ್ದಕ್ಕೆ ತಾನೇ ಅಳಿಸಲು ಹೊರಟಿದ್ದು! ಕೊನೆಗೆ ಬೇಡದ ಅಪ್‌ಡೇಟುಗಳ ಪಟ್ಟಿ ತೆಗೆದು, ಡೇಟಾಬೇಸಿನೊಳಗೇ ಇರುವ ಸಿದ್ಧ ಪ್ರೋಗ್ರಾಂ ಆದ ಸ್ಟೋರ್ಡ್ ಪ್ರೊಸೀಜರ್ ಮೂಲಕ ಒಂದೊಂದಾಗಿ ಅಳಿಸಬೇಕಾಯಿತು. ಕೆಲವು ಅಪ್‌ಡೇಟುಗಳು ಅಳಿಯಲು ನಿಮಿಷಗಟ್ಟಲೆ ಹಿಡಿದವು. ಅಷ್ಟು ಹೊತ್ತೂ ಹೊಸ ಪ್ಯಾಚಿಲ್ಲ, ಮಷೀನುಗಳ ರಿಪೋರ್ಟ್ ಕೂಡ ಒಳಗೆ ಬರುತ್ತಿಲ್ಲ. ಸೆಕ್ಯುರಿಟಿ ಪ್ಯಾಚ್ ಎಷ್ಟು ಮಷೀನಿಗೆ ಹೋಗಿದೆ ಅಂತ ಮೇಲಿನವರು ಕೇಳಿದರೆ ಉತ್ತರವಿಲ್ಲ. ಸ್ವಲ್ಪ ಜಾಗ ಬಿಟ್ಟುಕೊಂಡ ಮೇಲೆ ಇಂಡೆಕ್ಸ್ ಹಾಕಿದೆವು. ಆಮೇಲೆ ಕೆಲಸ ಓಡಿತು.

ಎಸ್‌ಕ್ಯೂಎಲ್ ಸರ್ವರ್ 2025ರ ಎಕ್ಸ್‌ಪ್ರೆಸ್‌ನಲ್ಲಿ ಮಿತಿ 50 ಜಿಬಿಗೆ ಏರಿದೆ, ಒಪ್ಪುತ್ತೇನೆ. ಆದರೆ ಡೇಟಾ ಇಟ್ಟುಕೊಳ್ಳುವ ಮೆಮೊರಿ ಆಗಲೂ ಸುಮಾರು 1.4 ಜಿಬಿಯೇ. ಸರ್ವರಿಗೆ 16 ಜಿಬಿ ರ‍್ಯಾಮ್ ಹಾಕಿದರೂ ಅದು ಮುಟ್ಟುವುದಿಲ್ಲ. ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನೇ ಓಡಿಸುವ ಏಜೆಂಟ್ ಕೂಡ ಇಲ್ಲ. ಹಾಗಾದರೆ ವಿಡ್‌ಗಿಂತ ಅದರಲ್ಲಿ ಸಿಗುವುದಾದರೂ ಏನು? ಬೇರೆ ಮಷೀನಿನಿಂದ ಕನೆಕ್ಟ್ ಮಾಡಬಹುದು, ಅಷ್ಟೇ.

ವಿಡ್‌ಗೂ ಅದರದೇ ರಗಳೆಗಳಿವೆ. ಹೊರಗಿನಿಂದ ಕನೆಕ್ಟ್ ಆಗುವುದಿಲ್ಲ. ಅದೇ ಸರ್ವರಿನಲ್ಲಿ ಮ್ಯಾನೇಜ್‌ಮೆಂಟ್ ಸ್ಟುಡಿಯೋವನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಸರ್ವರ್ ಹೆಸರಿನ ಜಾಗದಲ್ಲಿ ಉದ್ದನೆಯ ನೇಮ್ಡ್ ಪೈಪ್ ವಿಳಾಸ ಹಾಕಬೇಕು. ವಿಂಡೋಸ್ ಸರ್ವರ್ 2012ರಿಂದ ಈ ವಿಳಾಸ ಬದಲಾಗಿದೆ, ಹಳೆಯ ಟಿಪ್ಪಣಿಯಲ್ಲಿದ್ದದ್ದು ಹಾಕಿದರೆ ಬಾಗಿಲು ತೆರೆಯುವುದಿಲ್ಲ. ಸರಿಯಾದದ್ದನ್ನು ಒಂದು ಟೆಕ್ಸ್ಟ್ ಫೈಲಿನಲ್ಲಿ ಬರೆದು ಡೆಸ್ಕ್‌ಟಾಪ್ ಮೇಲೆ ಇಟ್ಟುಕೊಂಡಿದ್ದೇನೆ.

ಇನ್ನೊಂದು, ವಿಡ್ ತನ್ನ ಫೈಲುಗಳನ್ನು ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೇ ಇಡುತ್ತದೆ. ಸಿ ಡ್ರೈವ್ ಚಿಕ್ಕದಿದ್ದರೆ ತೊಂದರೆ. ನಾನು ಸುಸ್‌ಡಿಬಿಯನ್ನು ಡಿಟ್ಯಾಚ್ ಮಾಡಿ, ಅಂದರೆ ವಿಡ್‌ನಿಂದ ಬಿಡಿಸಿ, ಫೈಲುಗಳನ್ನು ಡಿ ಡ್ರೈವಿಗೆ ಸಾಗಿಸಿ, ವಿಡ್ ಸರ್ವಿಸ್ ಅಕೌಂಟಿಗೆ ಆ ಫೋಲ್ಡರಿನ ಮೇಲೆ ಹಕ್ಕು ಕೊಟ್ಟು, ಮತ್ತೆ ಅಟ್ಯಾಚ್ ಮಾಡಿದೆ. ಮೆಮೊರಿಗೂ ಮಿತಿ ನೀವೇ ಹಾಕಬೇಕು, ಇಲ್ಲದಿದ್ದರೆ ಇರುವುದನ್ನೆಲ್ಲ ತಿನ್ನುತ್ತದೆ.

ಎಕ್ಸ್‌ಪ್ರೆಸ್‌ನಿಂದ ವಿಡ್‌ಗೆ ಫೈಲು ಎತ್ತಿ ಹಾಕುವ ಯೋಚನೆ ಇದ್ದರೆ ಆವೃತ್ತಿ ನೋಡಿಕೊಳ್ಳಿ. ಹೊಸ ಎಸ್‌ಕ್ಯೂಎಲ್‌ನ ಡೇಟಾಬೇಸನ್ನು ಹಳೆಯ ಎಂಜಿನ್ ತೆಗೆದುಕೊಳ್ಳುವುದಿಲ್ಲ, ವಿಡ್ ಒಳಗಿನ ಎಂಜಿನ್ ಸಾಮಾನ್ಯವಾಗಿ ಹಿಂದಿನದೇ. ನಾವು ಬೇರೆ ದಾರಿ ಹಿಡಿದೆವು. ವಿಡ್ ಇರುವ ಹೊಸ ಸರ್ವರ್ ಎಬ್ಬಿಸಿ, ಅದನ್ನು ಹಳೆಯದರ ರೆಪ್ಲಿಕಾ, ಅಂದರೆ ಅದನ್ನೇ ಅನುಸರಿಸುವ ನಕಲು, ಮಾಡಿ ಸಿಂಕ್ ಓಡಿಸಿದೆವು. ಅಪ್ರೂವಲ್‌ಗಳು, ಕಂಪ್ಯೂಟರ್ ಗ್ರೂಪ್‌ಗಳು ಎಲ್ಲ ಬಂದವು. ಆಮೇಲೆ ಸ್ವತಂತ್ರ ಸರ್ವರ್ ಮಾಡಿ, ಎಲ್ಲ ಮಷೀನುಗಳಿಗೂ ಸೆಟ್ಟಿಂಗ್ ಕಳಿಸುವ ಗ್ರೂಪ್ ಪಾಲಿಸಿಯಲ್ಲಿ ಸರ್ವರ್ ವಿಳಾಸ ಬದಲಿಸಿದೆವು. ಡ್ರೈವರ್ಸ್ ಟಿಕ್ ತೆಗೆದಿದ್ದು ಅದಕ್ಕೂ ಮೊದಲು.

ಸ್ಟ್ಯಾಂಡರ್ಡ್ ಬಗ್ಗೆ ದೂರು ಏನೂ ಇಲ್ಲ. 180 ದಿನದ ಇವ್ಯಾಲ್ಯುಯೇಶನ್ ಆವೃತ್ತಿಯನ್ನು ಟೆಸ್ಟ್ ಸರ್ವರಿನಲ್ಲಿ ಹಾಕಿ ನೋಡಿದೆ. ಏಜೆಂಟ್ ಇದೆ, ರಿಮೋಟ್ ಇದೆ, ಕನ್ಸೋಲ್ ಚುರುಕು. ಲೋಡ್ ಬ್ಯಾಲೆನ್ಸಿಂಗ್ ಮಾಡಿ, ಅಂದರೆ ಹೊರೆ ಹಂಚಿ, ಹಲವು ಡಬ್ಲ್ಯೂಸಸ್ ಸರ್ವರ್‌ಗಳಿಗೆ ಒಂದೇ ಡೇಟಾಬೇಸ್ ಕೊಡಬೇಕಾದರೆ ವಿಡ್ ಆಗುವುದಿಲ್ಲ, ಪೂರ್ತಿ ಎಸ್‌ಕ್ಯೂಎಲ್ಲೇ ಬೇಕು. ಮಷೀನುಗಳನ್ನು ನಿರ್ವಹಿಸುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್ ಆದ ಕಾನ್ಫಿಗರೇಶನ್ ಮ್ಯಾನೇಜರ್ ಇರುವ ಕಡೆ ಅದರ ಜೊತೆಗೇ ಸ್ಟ್ಯಾಂಡರ್ಡ್ ಬಳಸುವ ಹಕ್ಕು ಬರುತ್ತದೆ. ಅಲ್ಲಿ ಕಣ್ಣು ಮುಚ್ಚಿ ಅದನ್ನೇ ಹಾಕಿ. ಉಳಿದವರು ಪ್ರೊಸೆಸರ್ ಕೋರ್ ಲೆಕ್ಕದಲ್ಲಾದರೆ ಕನಿಷ್ಠ ನಾಲ್ಕು ಕೋರಿಗೆ, ಇಲ್ಲವೇ ಸರ್ವರಿಗೊಂದು ಮತ್ತು ಪ್ರತಿ ಬಳಕೆದಾರ ಅಥವಾ ಮಷೀನಿಗೊಂದು ಲೈಸೆನ್ಸ್ ಲೆಕ್ಕದಲ್ಲಿ ದುಡ್ಡು ಕೊಡಬೇಕು. 2024ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಡಬ್ಲ್ಯೂಸಸ್‌ಗೆ ಇನ್ನು ಹೊಸ ಸೌಲಭ್ಯ ಸೇರಿಸುವುದಿಲ್ಲ ಅಂತ ಹೇಳಿಯಾಗಿದೆ. ಅಂಥ ಸಾಫ್ಟ್‌ವೇರಿಗಾಗಿ ಹೊಸ ಲೈಸೆನ್ಸ್ ಕೊಳ್ಳಲು ನಾನಂತೂ ಫೈಲ್ ಮೇಲೆ ಕಳಿಸುವುದಿಲ್ಲ.

ವಿಡ್ ಹಾಕಿ ಸುಮ್ನೆ ಬಿಟ್ಟರೆ ಅದೂ ನಿಧಾನವಾಗುತ್ತದೆ. ಆ ಎರಡು ಇಂಡೆಕ್ಸ್‌ಗಳನ್ನು ಮೊದಲ ದಿನವೇ ಹಾಕಿ. ತಿಂಗಳಿಗೊಮ್ಮೆ ರೀಇಂಡೆಕ್ಸ್ ಸ್ಕ್ರಿಪ್ಟ್, ಅದರ ಬೆನ್ನಿಗೇ ಕ್ಲೀನಪ್, ಎರಡನ್ನೂ ಟಾಸ್ಕ್ ಶೆಡ್ಯೂಲರ್‌ಗೆ ಕೊಡಿ. ಬ್ಯಾಕಪ್ ಕೂಡ ಎಸ್‌ಕ್ಯೂಎಲ್‌ಸಿಎಂಡಿ ಅನ್ನುವ ಕಮಾಂಡ್ ಲೈನ್ ಸಾಧನದ ಮೂಲಕ ಅದೇ ಪೈಪ್ ವಿಳಾಸಕ್ಕೆ ಕಮಾಂಡ್ ಕಳಿಸಿದರೆ ಆಗುತ್ತದೆ. ವಿಂಡೋಸ್‌ನ ವೆಬ್ ಸರ್ವರ್ ಆದ ಐಐಎಸ್‌ನಲ್ಲಿ ಡಬ್ಲ್ಯೂಸಸ್ ಓಡುವ ಪೂಲ್‌ನ ಮೆಮೊರಿ ಮಿತಿ ಡಿಫಾಲ್ಟ್ ಆಗಿ 1.8 ಜಿಬಿ ಆಸುಪಾಸು ಇರುತ್ತದೆ, ಅದನ್ನೂ ಏರಿಸಿ. ಕನ್ಸೋಲ್ ಪದೇ ಪದೇ ಕಡಿದುಹೋದಾಗ ಎಲ್ಲರೂ ಡೇಟಾಬೇಸನ್ನೇ ಬೈಯುತ್ತಾರೆ, ಬಹಳ ಸಲ ಕಾರಣ ಈ ಪೂಲ್ ಆಗಿರುತ್ತದೆ.