ಡಾರ್ಸಿ ಹುಡುಗಿ ಆದ್ರೆ? ಎರಡ್ರಲ್ಲಿ ಯಾವ್ದು ಓದ್ಬೇಕು

ಜೇನ್ ಆಸ್ಟಿನ್ ಕಾದಂಬರಿ 'ಪ್ರೈಡ್ ಅಂಡ್ ಪ್ರೆಜುಡಿಸ್' (1813) ಓದೋದಾ, ಇಲ್ಲಾ ಅದೇ ಕಥೆನ ಈ ಕಾಲಕ್ಕೆ ತಂದು ಮೆಲಿಸ್ಸಾ ಡೆ ಲಾ ಕ್ರೂಜ್ ಬರೆದಿರೋ 'ಪ್ರೈಡ್ ಅಂಡ್ ಪ್ರೆಜುಡಿಸ್ ಅಂಡ್ ಮಿಸಲ್‌ಟೋ' (2017) ಓದೋದಾ ಅಂತ ಯೋಚ್ನೆ ಮಾಡ್ತಿದ್ರೆ, ಕೇಳಿ: ಹಳೇದ್ರಲ್ಲಿ ಡಾರ್ಸಿ ಅನ್ನೋನು ಶ್ರೀಮಂತ ಹೀರೋ, ಹೊಸದ್ರಲ್ಲಿ ಡಾರ್ಸಿನೇ ಹುಡುಗಿ, ನ್ಯೂಯಾರ್ಕಲ್ಲಿ ಕೈತುಂಬ ದುಡಿಯೋಳು, ಕ್ರಿಸ್‌ಮಸ್ ಟೈಮಲ್ಲಿ ಒಹಾಯೋದ ಊರಿಗೆ ವಾಪಸ್ ಬರ್ತಾಳೆ, ಹೀರೋ ಲೂಕ್ ಬೆನೆಟ್ ಅಲ್ಲೇ ಮರಗೆಲಸ ಮಾಡ್ಕೊಂಡಿರೋನು.

ಕೇಳೋಕೆ ಮಜಾ ಇದೆ ಅಲ್ವಾ? ನಾನೂ ಹಂಗೇ ಬಿದ್ದಿದ್ದು.

ಜೇನ್ ಆಸ್ಟಿನ್ ಕಥೇಲಿ ಬೆನೆಟ್ ಮನೇಲಿ ಐದು ಹೆಣ್ಮಕ್ಳು, ಅಪ್ಪ ಹೋದ್ಮೇಲೆ ಮನೆ, ಜಮೀನು ಎಲ್ಲಾ ಕಾಲಿನ್ಸ್ ಅನ್ನೋ ನೆಂಟನ ಪಾಲು, ಅಂಥದ್ರಲ್ಲಿ ವರ್ಷಕ್ಕೆ 10,000 ಪೌಂಡ್ ಆದಾಯ ಇರೋ ಡಾರ್ಸಿ ಬಂದು ಮದ್ವೆ ಆಗು ಅಂದ್ರೆ ಎರಡನೇ ಮಗಳು ಎಲಿಜಬೆತ್ ಮುಖಕ್ಕೆ ಹೊಡ್ದಂಗೆ ಬೇಡ ಅಂತಾಳೆ ನೋಡಿ, ಅಲ್ಲಿ ಎದೆ ಝಲ್ ಅನ್ನುತ್ತೆ. ಹೊಸದ್ರಲ್ಲಿ ಎಲಿಜಬೆತ್ ಜಾಗದಲ್ಲಿರೋ ಲೂಕ್‌ಗೆ ಅಂಥ ಕಷ್ಟ ಏನಿದೆ? ಬೇಡ ಅಂದ್ರೂ ಕಳ್ಕೊಳ್ಳೋದು ಏನೂ ಇಲ್ಲ. ಹೆಸ್ರು ಅದಲುಬದಲಾಯ್ತು, ಕಥೆಯ ಉಪ್ಪು ಖಾರ ಮಾತ್ರ ಬರ್ಲಿಲ್ಲ.

ಭಾಷೆ ಸಲೀಸು, ಅದೊಂದು ಪ್ಲಸ್. ಟ್ರೈನಲ್ಲಿ ಟೈಂಪಾಸ್‌ಗೆ ಹೊಸದು ಸಾಕು. ಹಳೇದು 61 ಚಾಪ್ಟರ್, ಶುರುನಲ್ಲಿ ಸ್ವಲ್ಪ ಎಳೆಯುತ್ತೆ, ಆದ್ರೂ ನಾನಾದ್ರೆ ದುಡ್ಡು ಅದಕ್ಕೇ ಹಾಕ್ತೀನಿ, ಹೊಸದನ್ನ ಯಾರಾದ್ರೂ ಫ್ರೆಂಡ್ ಹತ್ರ ಇಸ್ಕೊಂಡು ಓದಿ.