ಎಂಟು ವರ್ಷದ ರೆಡ್‌ಮೈನ್, ಒಂಬತ್ತು ಮಂದಿಯ ಆಫೀಸು

2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ನಮ್ಮಲ್ಲಿ ಪ್ರಾಜೆಕ್ಟ್ ನಿರ್ವಹಣೆ ಅಂತ ಇದ್ದದ್ದು ಒಂದು ಎಕ್ಸೆಲ್ ಶೀಟು, ಒಂದು ವಾಟ್ಸಾಪ್ ಗ್ರೂಪು. ಹುಬ್ಬಳ್ಳಿಯಲ್ಲಿ ಒಂಬತ್ತು ಮಂದಿ ಸೇರಿ ಸಗಟು ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಗಿರಾಕಿಗಳಲ್ಲಿ ಹೆಚ್ಚಿನವರು ಅಮರಗೋಳದ ಎಪಿಎಂಸಿ ಮತ್ತು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯವರು. ಆ ತಿಂಗಳು ಒಂದೇ ದೋಷವನ್ನು ಇಬ್ಬರು ಎರಡು ರೀತಿ ಸರಿಮಾಡಿದರು, ಮೂರನೆಯವನು ಎರಡನ್ನೂ ಅಳಿಸಿ ಕೂತ. ಆಗಸ್ಟಿನಲ್ಲಿ ನಾನು ರೆಡ್‌ಮೈನ್ ಹಾಕಿದೆ. ಇವತ್ತಿಗೂ ಅದೇ ನಡೆಯುತ್ತಿದೆ.

ಗೊತ್ತಿಲ್ಲದವರಿಗೆ: ಇದು ಪ್ರತಿ ಕೆಲಸಕ್ಕೂ ದೂರಿಗೂ 'ಟಿಕೆಟ್' ಅನ್ನುವ ಒಂದೊಂದು ದಾಖಲೆ ತೆರೆದು, ಅದು ಎಲ್ಲಿಗೆ ಬಂತು ಅಂತ ನೋಡಿಕೊಳ್ಳಲು 2006ರಿಂದ ಇರುವ ಮುಕ್ತ ತಂತ್ರಾಂಶ, ವೆಬ್ ತಂತ್ರಾಂಶ ಕಟ್ಟುವ ಚೌಕಟ್ಟಾದ ರೂಬಿ ಆನ್ ರೈಲ್ಸ್‌ನಲ್ಲಿ ಬರೆದದ್ದು. ದುಡ್ಡು ಕೊಡಬೇಕಿಲ್ಲ, ಆದರೆ ಸರ್ವರ್ ನಿಮ್ಮದೇ ಆಗಿರಬೇಕು, ಅದನ್ನು ನೋಡಿಕೊಳ್ಳುವ ತಲೆನೋವೂ ನಿಮ್ಮದೇ. ನಾವು 2 ಜಿಬಿ ಮೆಮೊರಿಯ ಸಣ್ಣದೊಂದು ಬಾಡಿಗೆ ಸರ್ವರ್‌ನಲ್ಲಿ ಇಟ್ಟಿದ್ದೇವೆ, ಒಂಬತ್ತು ಮಂದಿಗೆ ಅಷ್ಟು ಸಾಕು. ನೋಟ ಮಾತ್ರ ಹಳೇ ಕಾಲದ್ದು. ಹೊಸದಾಗಿ ಸೇರಿದ ಹುಡುಗಿ ಮೊದಲ ದಿನವೇ, "ಸರ್, ಇದು ರೈಲ್ವೆ ಟಿಕೆಟ್ ಸೈಟಾ?" ಅಂದಳು.

ಮೊದಲ ವರ್ಷ ನಾನು ಮಾಡಿದ ದೊಡ್ಡ ತಪ್ಪು ಅಂದರೆ ಅತಿ ಉತ್ಸಾಹ. ಯಾವ ಪಾತ್ರದವರು ಟಿಕೆಟ್ಟನ್ನು ಯಾವ ಸ್ಥಿತಿಯಿಂದ ಯಾವ ಸ್ಥಿತಿಗೆ ಒಯ್ಯಬಹುದು ಅನ್ನುವುದನ್ನು ರೆಡ್‌ಮೈನ್‌ನಲ್ಲಿ ಒಂದು ಕೋಷ್ಟಕದಲ್ಲಿ ಟಿಕ್ ಹಾಕಿ ನಿಗದಿ ಮಾಡಬಹುದು. ಹನ್ನೊಂದು ಸ್ಥಿತಿ ಮಾಡಿಟ್ಟೆ. ಯಾರಿಗೂ ನೆನಪು ಉಳಿಯಲಿಲ್ಲ. ಟಿಕೆಟ್ 'ಮರುಪರಿಶೀಲನೆಗೆ ಕಾದಿದೆ'ಯಲ್ಲಿ ಕೊಳೆಯುತ್ತಿದ್ದಾಗ ಕೆಲಸ ಮುಗಿದು ಗಿರಾಕಿಯ ಕೈ ಸೇರಿರುತ್ತಿತ್ತು. ಈಗ ನಾಲ್ಕೇ: ಹೊಸತು, ನಡೆಯುತ್ತಿದೆ, ಪರೀಕ್ಷೆಗೆ, ಮುಗಿಯಿತು. ಫೋನಿನಲ್ಲಿ ಬರುವ ದೂರಿಗೆ 'ಫೋನ್ ಬಂತು' ಅನ್ನುವ ಬೇರೆ ಟ್ರ್ಯಾಕರ್, ಅಂದರೆ ಟಿಕೆಟ್ಟಿನ ಬೇರೆ ಬಗೆ, ಇದೆ. ಸಪೋರ್ಟ್‌ನವರು ಅದರಲ್ಲಿ ಗಿರಾಕಿಯ ಮಾತನ್ನು ಇದ್ದ ಹಾಗೇ ಕನ್ನಡದಲ್ಲಿ ಟೈಪ್ ಮಾಡುತ್ತಾರೆ: "ಬಿಲ್ಲಿನ ಮ್ಯಾಲೆ ಕ್ಯೂಆರ್ ಬರವಲ್ದು." ಇಂಗ್ಲಿಷಿಗೆ ತಿರುಗಿಸಲು ಹೋಗಿ ಅರ್ಥ ಕೆಡಿಸುತ್ತಿದ್ದ ಕಾಲ ಮುಗಿಯಿತು.

ಯಾವ ಕೆಲಸ ಯಾವಾಗಿಂದ ಯಾವಾಗಿನವರೆಗೆ ಅಂತ ಪಟ್ಟಿಗಳಲ್ಲಿ ತೋರಿಸುವ ಗ್ಯಾಂಟ್ ಚಾರ್ಟ್ ನೋಡಿ ಮರುಳಾಗಿ ಇದನ್ನು ಆರಿಸಿಕೊಂಡವನು ನಾನು. ಈಗ ತಿಂಗಳಿಗೊಮ್ಮೆಯೂ ತೆರೆಯುವುದಿಲ್ಲ. ನಿಜವಾಗಿ ಕೈಹಿಡಿದದ್ದು ಟಿಕೆಟ್ಟಿನಲ್ಲಿ ಒಂದರ ಪಕ್ಕ ಒಂದು ಕಾಣುವ ಎರಡು ಸಂಖ್ಯೆಗಳು, ಅಂದಾಜು ಗಂಟೆ ಮತ್ತು ಕಳೆದ ಗಂಟೆ.

ಅದು ಗೊತ್ತಾದದ್ದು ಇ-ಇನ್‌ವಾಯ್ಸ್ ಕಾಲದಲ್ಲಿ. 2020ರ ಅಕ್ಟೋಬರಿನಲ್ಲಿ 500 ಕೋಟಿಗಿಂತ ಹೆಚ್ಚು ವಹಿವಾಟಿನವರಿಂದ ಶುರುವಾದ ನಿಯಮ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತ 2022ರ ಅಕ್ಟೋಬರ್ 1ರಿಂದ 10 ಕೋಟಿ ಮೀರಿದವರಿಗೂ ಬಂತು. ಅಧಿಸೂಚನೆ ಬಂದದ್ದು ಆಗಸ್ಟ್ 1ಕ್ಕೆ, ಅಂದರೆ ಕೈಯಲ್ಲಿ ಎರಡೇ ತಿಂಗಳು. ನಮ್ಮ ಗಿರಾಕಿಗಳು ಮೊದಲ ಸಲ ಬಲೆಗೆ ಬಿದ್ದದ್ದು ಆಗಲೇ. ಬಿಲ್ಲಿನ ವಿವರವನ್ನು ಸರ್ಕಾರಿ ಪೋರ್ಟಲ್‌ಗೆ ಕಳಿಸಬೇಕು, ಅಲ್ಲಿಂದ 64 ಅಕ್ಷರಗಳ ನೋಂದಣಿ ಸಂಖ್ಯೆಯೂ ಕ್ಯೂಆರ್ ಕೋಡೂ ವಾಪಸ್ ಬರಬೇಕು, ಅವು ಬಿಲ್ಲಿನ ಮೇಲೆ ಅಚ್ಚಾಗಬೇಕು. ಮಾಲೀಕರು ಕೇಳಿದರು, "ಎಷ್ಟ ದಿನಾ ಹಿಡೀತೈತಿ?" ನಾನು 160 ಗಂಟೆ ಅಂತ ಬರೆದೆ. ಹಿಡಿದದ್ದು 310.

ಮೊದಲಾಗಿದ್ದರೆ 'ಹುಡುಗರು ನಿಧಾನ' ಅಂತ ಮಾತು ಮುಗಿಯುತ್ತಿತ್ತು. ಈ ಸಲ ಗಂಟೆಗಳನ್ನು ಕೆಲಸದ ಬಗೆಯ ಪ್ರಕಾರ ವಿಂಗಡಿಸಿ ವರದಿ ತೆಗೆದೆ. ಕೋಡ್ ಬರೆದದ್ದು ಸುಮಾರು 120 ಗಂಟೆ, ಅಲ್ಲಿ ಅಂದಾಜು ಹೆಚ್ಚೇನೂ ತಪ್ಪಿರಲಿಲ್ಲ. ಮಿಕ್ಕದ್ದೆಲ್ಲ ಗಿರಾಕಿಗಳ ಹಳೆಯ ಮಾಹಿತಿ ತಿದ್ದುವುದರಲ್ಲಿ ಹೋಗಿತ್ತು. ವಿಳಾಸದಲ್ಲಿ ಪಿನ್‌ಕೋಡ್ ಇಲ್ಲ, ಇದ್ದರೂ ರಾಜ್ಯಕ್ಕೆ ಹೊಂದುವುದಿಲ್ಲ, ಜಿಎಸ್‌ಟಿ ಸಂಖ್ಯೆಯಲ್ಲಿ ಸೊನ್ನೆ ಇರಬೇಕಾದಲ್ಲಿ 'ಓ' ಅಕ್ಷರ. ಪೋರ್ಟಲ್ ಒಂದೊಂದನ್ನೂ ತಿರಸ್ಕರಿಸುತ್ತಿತ್ತು, ನಾವು ಒಂದೊಂದಕ್ಕೂ ಫೋನ್ ಹಚ್ಚುತ್ತಿದ್ದೆವು.

2023ರ ಆಗಸ್ಟ್ 1ರಿಂದ ಮಿತಿ 5 ಕೋಟಿಗೆ ಇಳಿಯುತ್ತದೆ ಅಂತ ಮೇ ತಿಂಗಳಲ್ಲೇ ತಿಳಿಯಿತು. ಆಗ ರೆಡ್‌ಮೈನ್‌ನಲ್ಲಿ ಎರಡು 'ವರ್ಷನ್' (ಒಂದೇ ಗಡುವಿನ ಟಿಕೆಟ್ಟುಗಳ ಗುಂಪು) ಮಾಡಿದೆ. ಮೊದಲನೆಯದು ಬರೀ ಮಾಹಿತಿ ತಿದ್ದುವುದಕ್ಕೆ, ಜೂನ್ ಕೊನೆಗೆ ಗಡುವು. ರೋಡ್‌ಮ್ಯಾಪ್ ಪುಟದ ಹಸಿರು ಪಟ್ಟಿ ಎಷ್ಟು ತುಂಬಿದೆ ಅನ್ನುವುದನ್ನು ಸೋಮವಾರ ಬೆಳಿಗ್ಗೆ ಚಹಾ ಜೊತೆ ಎಲ್ಲರೂ ನೋಡುತ್ತಿದ್ದೆವು. ಅಂದಾಜು 200 ಗಂಟೆ, ಮುಗಿದದ್ದು 190ಕ್ಕೆ. ನನ್ನ ಅಂದಾಜು ಅಷ್ಟು ಹತ್ತಿರ ಬಂದದ್ದು ಅದೇ ಮೊದಲು. ಆಮೇಲೂ ಹೆಚ್ಚು ಸಲ ಬಂದಿಲ್ಲ ಅನ್ನಿ.

ಆದರೆ ಗಂಟೆ ಬರೆಸುವುದು ಸುಲಭವಲ್ಲ. ನಡುವೆ ಒಮ್ಮೆ ಸಂಬಳ ಹೆಚ್ಚಿಸುವ ಮಾತುಕತೆಯಲ್ಲಿ ಮಾಲೀಕರು ಆ ವರದಿಯನ್ನು ಮುಂದಿಟ್ಟುಕೊಂಡು ಒಬ್ಬನನ್ನು ಪ್ರಶ್ನಿಸಿದರು. ಮಾರನೆಯ ದಿನದಿಂದ ಎರಡು ತಿಂಗಳು ಎಲ್ಲರ ಲೆಕ್ಕವೂ ದಿನಕ್ಕೆ ಸರಿಯಾಗಿ ಎಂಟು ಗಂಟೆ! ಆ ಎರಡು ತಿಂಗಳ ಅಂಕಿಗಳನ್ನು ನಾನು ಯಾವುದಕ್ಕೂ ಬಳಸುವುದಿಲ್ಲ. ಕೊನೆಗೆ ಮಾಲೀಕರ ಖಾತೆಗೆ ಆ ವರದಿ ಕಾಣದ ಹಾಗೆ ಅನುಮತಿ ತೆಗೆದೆ, ಅವರನ್ನು ಕೇಳಿಯೇ.

ಇಷ್ಟವಾದ ಇನ್ನೊಂದು ಗುಣ: ಕೋಡ್ ಸೇರಿಸುವಾಗ ಸಂದೇಶದಲ್ಲಿ ಟಿಕೆಟ್ ಸಂಖ್ಯೆ ಬರೆದರೆ ಬದಲಾವಣೆ ತಾನಾಗಿ ಆ ಟಿಕೆಟ್ಟಿಗೆ ಅಂಟಿಕೊಳ್ಳುತ್ತದೆ. ಮೂರು ವರ್ಷ ಹಿಂದೆ ಈ ಸಾಲನ್ನು ಯಾಕೆ ಹೀಗೆ ಬರೆದರು ಅಂತ ಹುಡುಕಿದರೆ ಬ್ಯಾಡಗಿಯ ಯಾವುದೋ ಅಂಗಡಿಯ ಫೋನ್ ಕರೆ ಸಿಗುತ್ತದೆ.

ಕೊರತೆ ಇಲ್ಲದೆ ಇಲ್ಲ. ಕಾರ್ಡ್ ಜರುಗಿಸುವ ಬೋರ್ಡ್ ಮೂಲದಲ್ಲಿ ಇಲ್ಲ, ಪ್ಲಗಿನ್ ಅನ್ನುವ ಹೆಚ್ಚುವರಿ ತುಣುಕು ಹಾಕಬೇಕು. ರೆಡ್‌ಮೈನ್ 4ನೇ ಆವೃತ್ತಿಯಿಂದ 5ಕ್ಕೆ ಏರಿದಾಗ ಒಳಗಿನ ರೈಲ್ಸ್ ಕೂಡ ಬದಲಾಗಿದ್ದರಿಂದ ನಮ್ಮ ಪ್ಲಗಿನ್ ಸತ್ತುಹೋಯಿತು. ತಾತ್ಕಾಲಿಕ ಅಂತ ಗೋಡೆಗೆ ಬಿಳಿ ಬೋರ್ಡ್ ತೂಗುಹಾಕಿದೆವು, ಈಗ ಅದೇ ಖಾಯಂ. ಬ್ಯಾಕಪ್ ವಿಷಯದಲ್ಲೂ ಎಚ್ಚರ ಬೇಕು. ಡೇಟಾಬೇಸ್ ಒಂದನ್ನೇ ತೆಗೆದಿಟ್ಟರೆ ಸಾಲದು, ಟಿಕೆಟ್ಟಿಗೆ ಲಗತ್ತಿಸಿದ ಕಡತಗಳು ಬೇರೆ ಫೋಲ್ಡರಿನಲ್ಲಿ ಇರುತ್ತವೆ. ಸರ್ವರ್ ಬದಲಿಸಿದ ರಾತ್ರಿ ಇದು ನನಗೆ ಗೊತ್ತಾಯಿತು, ಆ ಹೊತ್ತಿಗೆ ಒಂದೂವರೆ ವರ್ಷದ ಸ್ಕ್ರೀನ್‌ಶಾಟ್‌ಗಳು ಹೋಗಿದ್ದವು.

ಸರ್ವರ್ ಮುಟ್ಟಬಲ್ಲ ಒಬ್ಬರಾದರೂ ತಂಡದಲ್ಲಿದ್ದರೆ ಐದಕ್ಕೆ ನಾಲ್ಕು ಕೊಡುತ್ತೇನೆ, ಇಲ್ಲದಿದ್ದರೆ ಎರಡು. ನಾವಿನ್ನೂ 5ರಲ್ಲೇ ಇದ್ದೇವೆ. 6ಕ್ಕೆ ಏರುವ ಕೆಲಸಕ್ಕೂ ಒಂದು ಟಿಕೆಟ್ ಇದೆ. ಅದರ ಗಡುವನ್ನು ಮೂರು ಸಲ ಮುಂದೂಡಿದ್ದೇನೆ, ಮೂರೂ ಸಲದ್ದು ಅದರ ಇತಿಹಾಸದಲ್ಲಿ ನನ್ನ ಹೆಸರಿನಲ್ಲೇ ಕೂತಿದೆ.