ಮಂಗಳೂರಿನ ಮೀನಿನ ಹೋಟೆಲಿನಲ್ಲಿ ‘ಎಪಿಎಸ್’ ಅಂತ ಕಂಡರೆ ಮೊದಲು ಮೀನು ನೋಡಿ

ಮೀನೂಟಕ್ಕೆಂದೇ ಮಂಗಳೂರಿಗೆ ಹೋಗುವವರು ನಮ್ಮ ಹಾಸನದ ಕಡೆ ಬಹಳ ಮಂದಿ. ಬೆಳಿಗ್ಗೆ ಹೊರಟು ಶಿರಾಡಿ ಘಾಟಿ ಇಳಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಕಳೆದ ಜುಲೈನಲ್ಲಿ ನಾವೂ ಹಾಗೆಯೇ ಹೋದೆವು. ಆ ದಿನ ಸಂಜೆ ನನ್ನ 71 ವರ್ಷದ ಅಪ್ಪ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಮಲಗಿದ್ದರು. ಹೋಟೆಲಿನ ಹೆಸರು ಇಲ್ಲಿ ಬರೆಯುವುದಿಲ್ಲ. ನಮಗಾದದ್ದು ಬೇರೆ ಎಲ್ಲಿ ಬೇಕಾದರೂ ಆಗಬಹುದು, ಅದಕ್ಕೇ ಇಷ್ಟು ವಿವರವಾಗಿ ಹೇಳುತ್ತಿದ್ದೇನೆ.

ಅಪ್ಪ ಬ್ಯಾಂಕ್ ಕೆಲಸಕ್ಕೆ ಸೇರಿದ ಹೊಸದರಲ್ಲಿ, 1979ರಿಂದ ಮೂರು ವರ್ಷ, ಮಂಗಳೂರಿನಲ್ಲಿದ್ದವರು. ಹಂಪನಕಟ್ಟೆಯ ಹತ್ತಿರ ಬಾಡಿಗೆ ಕೋಣೆ. ಭಾನುವಾರ ಬಂದರಿನ ಧಕ್ಕೆಯ ಕಡೆ ನಡೆದುಕೊಂಡು ಹೋಗಿ, ಬರುವಾಗ ಮೀನೂಟ ಮಾಡಿ ಬರುವುದು ಅವರ ರೂಢಿ. ನೇತ್ರಾವತಿ, ಫಲ್ಗುಣಿ ಎರಡೂ ಸೇರಿ ಕಡಲಿಗೆ ಬೀಳುವ ಜಾಗ, ಹಂಚಿನ ಗೋದಾಮುಗಳು, ಕುಚ್ಚಲಕ್ಕಿ ಅನ್ನದ ಮೇಲೆ ಕೆಂಪು ಸಾರು, ಇದನ್ನೆಲ್ಲ ನಾವು ಚಿಕ್ಕಂದಿನಿಂದ ಕೇಳುತ್ತಲೇ ಬೆಳೆದವರು. ಅವರು ಹೇಳುತ್ತಿದ್ದ ಹಳೆಯ ಹೋಟೆಲು ಈಗಿಲ್ಲ. ಹಾಗಾಗಿ ಹಂಚಿನ ಮಾಡು, ಮರದ ಕಂಬ, ‘ಸಾಂಪ್ರದಾಯಿಕ ಕರಾವಳಿ ಊಟ’ ಎಂಬ ಬೋರ್ಡು ಇದ್ದ ಇನ್ನೊಂದು ಕಡೆ ಹೋದೆವು. ಹೊರಗೆ ಸಾಲಾಗಿ ಕಾರುಗಳು ನಿಂತಿದ್ದವು. ನನಗೂ ಧೈರ್ಯ ಬಂತು.

ಮೆನುವಿನಲ್ಲಿ ನೀರ್‌ದೋಸೆಗೆ, ಊಟಕ್ಕೆ, ಸಿಗಡಿ ಘೀ ರೋಸ್ಟಿಗೆ ಬೆಲೆ ಇತ್ತು. ಅಂಜಲ್, ಪಾಂಪ್ಲೆಟ್, ಕಾಣೆ, ಏಡಿ ಇವುಗಳ ಎದುರಿಗೆ ಬರೀ ‘ಎಪಿಎಸ್’. ಮೀನಿನ ಗಾತ್ರ ನೋಡಿ ಬೆಲೆ ಅಂತ ಅದರ ಅರ್ಥ. ಕರಾವಳಿಯಲ್ಲಿ ಇದು ಎಲ್ಲ ಕಡೆ ಇರುವ ಪದ್ಧತಿ, ಮೋಸವೇನಲ್ಲ. ಮೀನಿನ ದರ ದಿನಕ್ಕೊಂದು, ಒಂದೊಂದು ಮೀನಿನ ಗಾತ್ರವೂ ಬೇರೆ. ಒಳ್ಳೆಯ ಹೋಟೆಲಿನವರು ಹಸಿ ಮೀನನ್ನು ತಟ್ಟೆಯಲ್ಲಿಟ್ಟು ಮೇಜಿಗೇ ತರುತ್ತಾರೆ. ನಾವು ಆರಿಸುತ್ತೇವೆ, ಅವರು ಬೆಲೆ ಹೇಳುತ್ತಾರೆ, ಆಮೇಲೆ ಮಸಾಲೆ ಹಚ್ಚುತ್ತಾರೆ. ಇಲ್ಲಿ ಯಾರೂ ತಟ್ಟೆ ತರಲಿಲ್ಲ, ನಾನೂ ಕೇಳಲಿಲ್ಲ. ಎಲ್ಲ ಶುರುವಾದದ್ದು ಅಲ್ಲಿಂದಲೇ.

ಬಡಿಸುವವನು, “ಅಂಜಲ್ ಒಳ್ಳೆದುಂಟು ಸರ್, ಇವತ್ತು ಬೆಳಿಗ್ಗೆ ಧಕ್ಕೆಗೆ ಬಂದದ್ದು” ಅಂದ. ಅಪ್ಪನಿಗೆ ಅನುಮಾನ ಬಂತು. “ಈಗ ಬೋಟು ಬಂದ್ ಅಲ್ವೇನಪ್ಪಾ?” ಅಂತ ಕೇಳಿದರು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಮೀನಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ ಅದು. “ನಾಡದೋಣಿದು ಸರ್” ಅಂದ. ನಾಡದೋಣಿಗಳಿಗೆ ವಿನಾಯಿತಿ ಇರುವುದು ನಿಜ. ಆದರೆ ಆ ವಾರವಿಡೀ ಗಾಳಿಮಳೆ, ಕಡಲಿಗೆ ಇಳಿಯಬೇಡಿ ಅನ್ನುವ ಎಚ್ಚರಿಕೆ ಬೇರೆ. ಅದು ನಮಗೆ ಹೊಳೆದದ್ದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ. ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಜುಲೈನಲ್ಲಿ ತಮಿಳುನಾಡು, ಆಂಧ್ರದ ಕಡೆಯಿಂದ ಐಸ್ ಹಾಕಿದ ಮೀನು ಲಾರಿಯಲ್ಲಿ ಮಂಗಳೂರಿಗೆ ಬರುತ್ತದೆ. ಅದನ್ನು ಮಾರುವುದರಲ್ಲಿ ತಪ್ಪಿಲ್ಲ, ಸರಿಯಾಗಿ ಐಸಿನಲ್ಲಿದ್ದರೆ ತಿನ್ನುವುದಕ್ಕೂ ತೊಂದರೆಯಿಲ್ಲ. ಇವತ್ತು ಬೆಳಗಿನದು ಅಂತ ಸುಳ್ಳು ಹೇಳುವುದು ತಪ್ಪು.

ನಾಲ್ಕು ತುಂಡು ಅಂಜಲ್ ತವಾ ಫ್ರೈ ಬಂತು. ಮೇಲೆ ದಪ್ಪನೆಯ ಕೆಂಪು ಮಸಾಲೆ. ಅಂಜಲ್ ಬೆಂದ ಮೇಲೆ ಒಳಗೆ ಬೆಳ್ಳಗೆ, ಮೆತ್ತಗೆ ಇರುತ್ತದೆ. ನಮ್ಮ ತಟ್ಟೆಯಲ್ಲಿದ್ದದ್ದು ಬೂದು ಬಣ್ಣ, ನಡುಮುಳ್ಳಿನ ಪಕ್ಕದಲ್ಲಿ ಅಗಲಕ್ಕೆ ಕಪ್ಪು ಮಾಂಸ, ತಿಂದರೆ ಒಣಒಣ. “ಇದು ಅಂಜಲ್ ಅಲ್ಲ ಕಣಮ್ಮ, ಕೇದರ್ ಇದ್ದಂಗಿದೆ” ಅಂದರು ಅಪ್ಪ. ಕೇದರ್ ಅಂದರೆ ಟ್ಯೂನಾ, ಅಂಜಲ್‌ಗಿಂತ ಎಷ್ಟೋ ಅಗ್ಗ. ಕರೆದು ಕೇಳಿದರೆ “ಮಸಾಲೆಯ ಬಣ್ಣ ಸರ್” ಅನ್ನುವ ಉತ್ತರ. ಅನ್ನದ ಮುಂದೆ ಕೂತು ಜಗಳ ಬೇಡ ಅಂತ ಸುಮ್ಮನಾದೆವು. ಅಪ್ಪ ಇನ್ನೊಂದು ಮಾತು ಹೇಳಿದ್ದರು: “ಖಾರ ಅಲ್ಲ ಇದು, ನಾಲಿಗೆ ಚುರುಚುರು ಅಂತಿದೆ.” ಮೆಣಸು ಜಾಸ್ತಿಯಾಗಿರಬೇಕು ಬಿಡಿ ಅಂದೆ. ಬ್ಯಾಡಗಿ ಮೆಣಸು ಬಣ್ಣ ಕೊಡುತ್ತದೆಯೇ ಹೊರತು ಅಷ್ಟು ಖಾರವಿರುವುದಿಲ್ಲ. ದಿನಾ ಅಡುಗೆ ಮಾಡುವ ನನಗೆ ಅದು ಗೊತ್ತಿತ್ತು. ಆ ಮಾತನ್ನು ನಾನು ತಳ್ಳಿಹಾಕಿದ್ದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ಬಿಲ್ ಬಂದಾಗ ಅಂಜಲ್ ತುಂಡಿಗೆ 750ರಂತೆ 3,000 ರೂಪಾಯಿ, ಒಂದು ಪಾಂಪ್ಲೆಟ್‌ಗೆ 1,600. ಮೇಲೆ ಶೇ 10 ಸೇವಾ ಶುಲ್ಕ. ಸೇವಾ ಶುಲ್ಕವನ್ನು ಹೋಟೆಲಿನವರು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿದಿದೆ. ಅಷ್ಟು ಹೇಳಿದ್ದಕ್ಕೆ ಅದನ್ನು ತೆಗೆದರು. ಮೀನಿನ ಬೆಲೆಗೆ ಮಾತ್ರ “ಎಪಿಎಸ್ ಅಂತ ಬರ್ದಿದೆಯಲ್ಲ ಮೇಡಂ” ಅಂದುಬಿಟ್ಟರು. ತೂಕ ಎಷ್ಟಿತ್ತು ಅಂದರೆ ಉತ್ತರವಿಲ್ಲ.

ಕಾರು ಹತ್ತಿ ಹತ್ತು ನಿಮಿಷ ಆಗಿರಲಿಲ್ಲ, ಅಪ್ಪನ ಮುಖ, ಕುತ್ತಿಗೆ, ಎದೆ ಎಲ್ಲ ಬಿಸಿಲಿಗೆ ಸುಟ್ಟ ಹಾಗೆ ಕೆಂಪಾದವು. ತಲೆ ಸಿಡಿಯುತ್ತಿದೆ ಅಂದರು. ಎದೆ ಡವಗುಟ್ಟುವುದು ಕಂಡು ಹೃದಯದ ತೊಂದರೆಯೇ ಅಂತ ಹೆದರಿ ಆಸ್ಪತ್ರೆಗೆ ಓಡಿದೆವು. ಅಲ್ಲಿನ ವೈದ್ಯೆ ಇಸಿಜಿ ಮಾಡಿಸುತ್ತಲೇ ಕೇಳಿದರು, “ಮೀನು ತಿಂದಿದ್ದೀರಾ? ಯಾವ ಮೀನು?” ಜೀವನಪೂರ್ತಿ ಮೀನು ತಿಂದವರಿಗೆ ಅಲರ್ಜಿ ಹೇಗೆ ಅಂತ ನನ್ನ ಪ್ರಶ್ನೆ. ಇದು ಮೀನಿನ ಅಲರ್ಜಿಯ ಹಾಗೆ ಕಾಣುತ್ತಿಲ್ಲ, ಹಿಸ್ಟಮೈನ್ ವಿಷ ಇರಬೇಕು ಅಂದರು. ಟ್ಯೂನಾ, ಬಂಗುಡೆ, ಅಂಜಲ್ ಈ ಜಾತಿಯ ಮೀನುಗಳನ್ನು ಹಿಡಿದ ಮೇಲೆ ಎಲ್ಲೋ ಒಂದು ಹಂತದಲ್ಲಿ ಐಸಿಲ್ಲದೆ ಬಿಟ್ಟರೆ ಬ್ಯಾಕ್ಟೀರಿಯಾ ಮಾಂಸದಲ್ಲಿ ಹಿಸ್ಟಮೈನ್ ತುಂಬಿಸುತ್ತವೆ. ವಾಸನೆ ಬರಲೇಬೇಕೆಂದಿಲ್ಲ. ಹುರಿದರೂ ಬೇಯಿಸಿದರೂ, ಮತ್ತೆ ಫ್ರಿಜ್ಜಿನಲ್ಲಿಟ್ಟರೂ ಅದು ಹೋಗುವುದಿಲ್ಲ. ನಾಲಿಗೆ ಚುರುಗುಟ್ಟುವುದು ಅದರ ಮೊದಲ ಗುರುತುಗಳಲ್ಲಿ ಒಂದು. ಹಾಗನ್ನಿಸಿದ ಕೂಡಲೇ ತಟ್ಟೆ ಪಕ್ಕಕ್ಕಿಡಬೇಕು. ಇಂಜೆಕ್ಷನ್ ಕೊಟ್ಟು ಮೂರು ಗಂಟೆ ನೋಡಿಕೊಂಡರು. ಸಂಜೆ ಹೊತ್ತಿಗೆ ಕೆಂಪು ಇಳಿಯಿತು.

ದೂರು ಕೊಡಲು ಹೋದಾಗ ಕೇಳಿದ ಮೊದಲ ಪ್ರಶ್ನೆ, ಮೀನಿನ ತುಂಡು ಉಳಿದಿದೆಯೇ ಎಂದು. ಇರಲಿಲ್ಲ. ಅದು ಕೇದರ್ ಅಂತ ಇವತ್ತು ನಾನು ಸಾಬೀತು ಮಾಡಲಾರೆ. ನಿಮಗೆ ಹೀಗಾದರೆ ಒಂದು ತುಂಡನ್ನು ಕಟ್ಟಿಸಿಕೊಂಡು ಐಸಿನಲ್ಲಿಡಿ, ಬಿಲ್ ಎಸೆಯಬೇಡಿ. ಅದರಲ್ಲಿ 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆ ಇರಬೇಕು. ಬೆಲೆಯ ವಿಚಾರಕ್ಕೆ ಗ್ರಾಹಕ ಸಹಾಯವಾಣಿ 1915 ಇದೆ. ಇವೆಲ್ಲ ಆದ ಮೇಲಿನ ಮಾತು. ಆರ್ಡರ್ ಕೊಡುವಾಗಲೇ ‘ಮೀನು ತಂದು ತೋರಿಸಿ, ಇದಕ್ಕೆ ಎಷ್ಟು ಹೇಳಿ’ ಅನ್ನಿ. ತೋರಿಸಲು ಹಿಂದೆಮುಂದೆ ನೋಡಿದರೆ ನೀರ್‌ದೋಸೆ ತಿಂದು ಎದ್ದುಬನ್ನಿ. ಮಸಾಲೆ ಹಚ್ಚಿದ ಮೇಲೆ ಮೀನು ಯಾವುದು, ಎಷ್ಟು ದಿನದ್ದು ಅಂತ ನನಗೂ ನಿಮಗೂ ತಿಳಿಯುವುದು ಕಷ್ಟ.

ಮರುದಿನ ಊರಿಗೆ ಹೊರಡುವ ಮೊದಲು ಬಂದರಿನ ಹತ್ತಿರ ಆರೇ ಮೇಜಿನ ಒಂದು ಸಣ್ಣ ಊಟದ ಹೋಟೆಲಿಗೆ ಹೋದೆವು. ಅಂಜಲ್ ಇದೆಯಾ ಅಂದಾಗ ಅಲ್ಲಿನ ಅಮ್ಮ, “ಈಗ ಎಂಥ ಅಂಜಲ್ ಮಾರಾಯ್ರೆ, ಬಂಗುಡೆ ಮಾತ್ರ ಉಂಟು” ಅಂತ ತಟ್ಟೆಯನ್ನೇ ತಂದು ಮುಂದಿಟ್ಟರು. ಅಪ್ಪ ಅವತ್ತು ಗಂಜಿ, ಉಪ್ಪಿನಕಾಯಿ ಅಷ್ಟೇ ತಿಂದದ್ದು. ಆದರೆ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಒಂದು ಬಂಗುಡೆಯ ಕಿವಿರು ಎತ್ತಿ ನೋಡಿ, ಬೆನ್ನು ಒತ್ತಿ ನೋಡಿ, “ಇದು ಚೆನ್ನಾಗಿದೆ, ನೀವು ತಿನ್ನಿ” ಅಂದರು.